ಕೆಲಸ ಬಿಡದೆ ಕಾಫಿ ಪುಡಿ ವ್ಯಾಪಾರ: ಎರಡನೇ ಶನಿವಾರ, ನಾಲ್ಕನೇ ಶನಿವಾರದ ಲೆಕ್ಕ

ಚಿಕ್ಕಮಗಳೂರಿನಲ್ಲಿ ಸಂಬಳದ ಕೆಲಸದ ಜೊತೆಗೆ ಏನಾದರೂ ಮಾಡೋಣ ಅಂತ ಹೊರಟವರ ತಲೆಗೆ ಮೊದಲು ಬರುವುದು ಕಾಫಿ ಪುಡಿ. ಅದು ಒಳ್ಳೆಯ ಆಯ್ಕೆಯೇ. ಆದರೆ ಬೀಜ ಊರಿನಲ್ಲೇ ಸಿಗುತ್ತದೆ ಎಂಬುದು ಅದಕ್ಕೆ ಮುಖ್ಯ ಕಾರಣವಲ್ಲ, ಕಾಫಿ ಕಾಯುತ್ತದೆ ಎಂಬುದು ಮುಖ್ಯ. ಹಸಿ ಬೀಜ ತಿಂಗಳುಗಟ್ಟಲೆ ಕಾಯುತ್ತದೆ, ಪ್ಯಾಕ್ ಆದ ಪುಡಿ ಕೆಲವು ವಾರ ಕಾಯುತ್ತದೆ, ಗಿರಾಕಿಯೂ ಎರಡು ದಿನ ಕಾಯುತ್ತಾನೆ. ಇಡ್ಲಿ ಹಿಟ್ಟು, ಹಾಲು, ಊಟದ ಡಬ್ಬಿ ಯಾವುದೂ ಹೀಗೆ ಕಾಯುವುದಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ನಿಮ್ಮ ಸಮಯ ಇನ್ನೊಬ್ಬರದ್ದಾಗಿರುವಾಗ, ಆ ಹೊತ್ತಿನಲ್ಲಿ ನಿಮ್ಮನ್ನು ಕೂಗದ ಸರಕನ್ನೇ ಹಿಡಿಯಬೇಕು. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಇಲ್ಲಿ ಹೇಳುವುದು ಹದಿನೈದು ದಿನಕ್ಕೆ 20 ಕೆಜಿ ಪುಡಿಯ ವ್ಯಾಪಾರ. ಹುರಿಯುವ ಮಷೀನು ಕೊಳ್ಳುವುದಿಲ್ಲ, ಅಂಗಡಿ ಹಿಡಿಯುವುದಿಲ್ಲ.

ಮೊದಲು ಕೆಲಸದ ಕಾಗದ ತೆಗೆದು ಓದಿ

ಖಾಸಗಿ ಕಂಪನಿಯಾದರೆ ನೇಮಕಾತಿ ಪತ್ರದಲ್ಲಿ ಬೇರೆ ಉದ್ಯೋಗ, ಬೇರೆ ವ್ಯಾಪಾರದ ಬಗ್ಗೆ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ. ಕೆಲವರದ್ದು ಪೂರ್ತಿ ನಿಷೇಧ, ಕೆಲವರದ್ದು ‘ಲಿಖಿತ ಅನುಮತಿ ಪಡೆದು’. ಎರಡನೆಯದಾದರೆ ಎಚ್‌ಆರ್‌ಗೆ ಒಂದು ಇಮೇಲ್ ಹಾಕಿ, ಉತ್ತರ ಬರುವವರೆಗೆ ಲೇಬಲ್ ಪ್ರಿಂಟ್ ಮಾಡಿಸಬೇಡಿ. ಬಾಯಿಮಾತಿನ ‘ಮಾಡ್ಕೊಳ್ಳಿ ಬಿಡ್ರಿ’ ಮ್ಯಾನೇಜರ್ ಬದಲಾದ ದಿನಕ್ಕೆ ಮುಗಿಯಿತು.

ಸರ್ಕಾರಿ ನೌಕರರಿಗೆ ದಾರಿ ಇನ್ನೂ ಕಿರಿದು. ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು, 2021ರ ಪ್ರಕಾರ ಪೂರ್ವಾನುಮತಿ ಇಲ್ಲದೆ ಖಾಸಗಿ ವ್ಯಾಪಾರ ಮಾಡುವಂತಿಲ್ಲ. ಹೆಂಡತಿ ಅಥವಾ ಗಂಡನ ಹೆಸರಲ್ಲಿ ಮಾಡಿದರೆ ತೊಂದರೆ ಇಲ್ಲ ಎಂಬ ಮಾತು ಅರ್ಧ ನಿಜ. ಮನೆಯವರು ನಿಜವಾಗಿಯೂ ನಡೆಸುತ್ತಿದ್ದರೆ ಅದು ಅವರ ವ್ಯಾಪಾರ, ಇಲಾಖೆಗೆ ಬರೆದು ತಿಳಿಸಿದರಾಯಿತು. ಹೆಸರು ಅವರದ್ದು, ಫೋನು ನಿಮ್ಮದು, ಸಹಿ ನಿಮ್ಮದು, ಗೂಗಲ್ ಪೇ ನಿಮ್ಮದು ಎಂದಾದರೆ ಒಂದು ಮೂಗರ್ಜಿ ಸಾಕು. ತೆರಿಗೆಯಲ್ಲೂ ಒಂದು ಗಂಟಿದೆ: ಗಂಡ ಹೆಂಡತಿಗೆ ಉಡುಗೊರೆಯಾಗಿ ಕೊಟ್ಟ ಹಣವನ್ನು ಆಕೆ ವ್ಯಾಪಾರಕ್ಕೆ ಹಾಕಿದರೆ, ಆ ಹಣದ ಪಾಲಿಗೆ ಬರುವ ಲಾಭವನ್ನು ಗಂಡನ ಆದಾಯಕ್ಕೇ ಸೇರಿಸುತ್ತಾರೆ. ಹೆಂಡತಿ ಗಂಡನಿಗೆ ಕೊಟ್ಟರೂ ಅದೇ ನಿಯಮ. ಆದ್ದರಿಂದ ಬಂಡವಾಳ ಅವರದ್ದೇ ಉಳಿತಾಯದಿಂದ ಅಥವಾ ಅವರದ್ದೇ ಸಾಲದಿಂದ ಬಂದರೆ ಒಳ್ಳೆಯದು.

ಈ ಜಿಲ್ಲೆಗೆ ಹೊಂದುವ ಇನ್ನೊಂದು ಮಾತು. ಎಸ್ಟೇಟಿನ ರೈಟರ್, ಕ್ಯೂರಿಂಗ್ ವರ್ಕ್ಸ್‌ನ (ಬೀಜದ ಸಿಪ್ಪೆ ತೆಗೆದು ಗ್ರೇಡ್ ಮಾಡುವ ಕಾರ್ಖಾನೆ) ನೌಕರ, ಕಾಫಿ ಖರೀದಿ ಡಿಪೋದಲ್ಲಿ ತೂಕ ನೋಡುವವರು: ಇವರು ಮಾಲೀಕರ ವ್ಯಾಪಾರದೊಳಗೇ ಕಾಲಿಡುತ್ತಿದ್ದಾರೆ. ಬೀಜ ಬೇರೆಲ್ಲಿಂದ ತಂದರೂ ಅನುಮಾನ ಬರುವುದು ಸಹಜ. ಖರೀದಿಯ ಪ್ರತಿ ಬಿಲ್ಲನ್ನೂ ಎತ್ತಿಡಿ. ಅನುಮತಿ ಬರವಣಿಗೆಯಲ್ಲಿ ಸಿಗದಿದ್ದರೆ ಕಾಳುಮೆಣಸೋ ಜೇನೋ ನೋಡಿಕೊಳ್ಳಿ, ಕಾಫಿ ಬೇಡ.

ಇನ್ನು ಆಫೀಸಿನಲ್ಲಿ ಪುಡಿ ಮಾರುವ ವಿಚಾರ. ಸರಿಸಮಾನರಿಗೆ ಮಾರಿ, ಪರವಾಗಿಲ್ಲ. ಕೈಕೆಳಗಿನವರಿಗೆ ಮಾರಬೇಡಿ. ಸಾಹೇಬರ ಪುಡಿ ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ, ಹಾಗಾಗಿ ಆ ಮಾರಾಟದಿಂದ ನಿಮ್ಮ ಪುಡಿ ಹೇಗಿದೆ ಎಂಬ ಸತ್ಯವೂ ತಿಳಿಯುವುದಿಲ್ಲ. ಕೆಲಸ ಮಾಡಿಸಿಕೊಳ್ಳಲು ಕೌಂಟರಿಗೆ ಬರುವ ಜನರಿಗಂತೂ ಬೇಡವೇ ಬೇಡ.

ಕಾಗದಪತ್ರ: ಯಾವುದು ಮೊದಲು, ಯಾವುದು ಆಮೇಲೆ

ಆಹಾರ ಸುರಕ್ಷತೆಯ ನೋಂದಣಿ ಮೊದಲು. ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗಿನ ವಹಿವಾಟಿಗೆ ಎಫ್‌ಎಸ್‌ಎಸ್‌ಎಐನ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಸಾದಾ ರಿಜಿಸ್ಟ್ರೇಶನ್ ಸಾಕು, ಲೈಸೆನ್ಸ್ ಬೇಡ. ಅದರ ಫೋಸ್ಕಾಸ್ ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಬಹುದು, ಶುಲ್ಕ ವರ್ಷಕ್ಕೆ 100 ರೂಪಾಯಿ. ಫೋಟೋ, ಗುರುತಿನ ಚೀಟಿ, ವಿಳಾಸದ ದಾಖಲೆ ಕೇಳುತ್ತಾರೆ. ಬರುವ 14 ಅಂಕಿಯ ನಂಬರ್ ಪ್ರತಿ ಪ್ಯಾಕೆಟ್ ಮೇಲೂ ಇರಬೇಕು. ಈ ನೋಂದಣಿ ವಿಳಾಸಕ್ಕೆ ಅಂಟಿಕೊಂಡಿರುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಮೊದಲೇ ಹೇಳಿ. ಬೀಜ ಹುರಿದು ಪುಡಿ ಮಾಡಿಕೊಡುವವರಿಗೂ ಈ ನಂಬರ್ ಇದೆಯೇ ನೋಡಿ ಬರೆದುಕೊಳ್ಳಿ.

ಉದ್ಯಮ್ ನೋಂದಣಿಗೆ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಆಧಾರ್, ಪ್ಯಾನ್ ಸಾಕು, ಸರ್ಕಾರದ ಪೋರ್ಟಲ್‌ನಲ್ಲಿ ಅದು ಪೂರ್ತಿ ಉಚಿತ. ಒಂದೂವರೆ ಸಾವಿರ, ಎರಡು ಸಾವಿರ ಕೇಳುವ ವೆಬ್‌ಸೈಟುಗಳೆಲ್ಲ ಮಧ್ಯವರ್ತಿಗಳದ್ದು. ನಗರಸಭೆಯ ವ್ಯಾಪಾರ ಪರವಾನಗಿ ನಿಮ್ಮ ಮನೆಯ ಪ್ಯಾಕಿಂಗ್‌ಗೆ ಬೇಕೇ ಎಂದು ಆರೋಗ್ಯ ಶಾಖೆಯಲ್ಲಿ ಕೇಳಿಕೊಳ್ಳಿ. ಪ್ಯಾಕೆಟ್ ಮಾಡಿ ಮಾರುವವರು ತೂಕ, ಅಳತೆ ನೋಡುವ ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ಪ್ಯಾಕರ್ ಎಂದು ಹೆಸರು ಬರೆಸಬೇಕು, ಕೆಲಸ ಶುರುವಾದ 90 ದಿನದೊಳಗೆ. ತಕ್ಕಡಿಗೂ ಇಲಾಖೆಯ ಮುದ್ರೆ ಬೇಕು.

ಜಿಎಸ್‌ಟಿ ವಿಷಯದಲ್ಲಿ ಬಹಳ ಜನ ಎಡವುವುದು ಒಂದೇ ಕಡೆ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಕಿಲ್ಲ ಎಂಬುದು ಸರಿ. ಆದರೆ ಆ ವಿನಾಯಿತಿ ರಾಜ್ಯದೊಳಗಿನ ಮಾರಾಟಕ್ಕೆ. ಹೈದರಾಬಾದಿನ ಪರಿಚಯಸ್ಥರಿಗೆ ಅರ್ಧ ಕೆಜಿ ಪುಡಿ ಮಾರಿ ಪಾರ್ಸೆಲ್ ಕಳಿಸಿದರೂ ಅದು ಹೊರರಾಜ್ಯದ ಮಾರಾಟ, ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಆದ್ದರಿಂದ ಮೊದಲ ವರ್ಷ ಕರ್ನಾಟಕದ ಗಡಿ ದಾಟಬೇಡಿ. ಬೆಂಗಳೂರು, ಮೈಸೂರು, ಮಂಗಳೂರು, ಹಾಸನ ಇಷ್ಟೇ 20 ಕೆಜಿಗೆ ಧಾರಾಳ.

ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆ, ಅದಕ್ಕೇ ಸೇರಿದ ಪ್ರತ್ಯೇಕ ಕ್ಯೂಆರ್. ಸಂಬಳದ ಖಾತೆಗೆ ಪುಡಿಯ ದುಡ್ಡು ಬೀಳಬಾರದು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಪೇಚಿಗೆ ಬಿದ್ದವರಲ್ಲಿ ಮನೆಯ ಹಣ, ಕೈಸಾಲ, ವ್ಯಾಪಾರ ಎಲ್ಲವನ್ನೂ ಒಂದೇ ಖಾತೆಯಲ್ಲಿ ಕಲಸಿಕೊಂಡವರೂ ಇದ್ದರು. ಯಾವುದು ಯಾವುದೆಂದು ಆಮೇಲೆ ಬಿಡಿಸಿ ಹೇಳುವುದು ಸುಲಭವಲ್ಲ.

ಬೀಜ: ಏನು, ಎಷ್ಟು, ಎಲ್ಲಿ ಇಡುವುದು

ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಆ ದಿನಗಳಲ್ಲಿ ಪರಿಚಯದ ತೋಟದವರು ‘ಎರಡು ಮೂಟೆ ತಗೊಂಡ್ಬಿಡಿ’ ಎನ್ನುತ್ತಾರೆ. ಒಂದು ಮೂಟೆ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ, ಇನ್ನೂ ಸಿಪ್ಪೆಯಿರುವ ಬೀಜ) ಎಂದರೆ 50 ಕೆಜಿ. ಸಿಪ್ಪೆ ತೆಗೆಸಿದ ಮೇಲೆ ಎಷ್ಟು ಬೀಜ ಸಿಗುತ್ತದೆ ಎಂಬ ಔಟ್‌ಟರ್ನ್ ಲೆಕ್ಕ ಗೊತ್ತಿಲ್ಲದೆ ಮೂಟೆಯ ದರಕ್ಕೆ ಮರುಳಾಗಬೇಡಿ. ಶುರುವಿನಲ್ಲಿ ಸಿಪ್ಪೆ ತೆಗೆದು ಗ್ರೇಡ್ ಮಾಡಿದ ಬೀಜವನ್ನೇ ಕೊಳ್ಳಿ: ಅರೇಬಿಕಾದ ಪ್ಲಾಂಟೇಶನ್ ಎ (ದೊಡ್ಡ ಬೀಜದ ಗ್ರೇಡ್) ಅಥವಾ ಪೀಬೆರಿ (ಹಣ್ಣಿಗೊಂದೇ ಇರುವ ಗುಂಡು ಬೀಜ), ಜೊತೆಗೆ ಡಿಕಾಕ್ಷನ್ ಗಟ್ಟಿಯಾಗಲು ಸ್ವಲ್ಪ ರೋಬಸ್ಟಾ. ಒಂದು ತಿಂಗಳಿಗೆ ಬೇಕಾದಷ್ಟು ಸಾಕು.

ಕೊಳ್ಳುವಾಗ ಒಂದು ಹಿಡಿ ಬೀಜವನ್ನು ಬಿಳಿ ಕಾಗದದ ಮೇಲೆ ಹರಡಿ. ಕಪ್ಪು ಬೀಜ, ಒಡೆದದ್ದು, ಬೆರ್ರಿ ಬೋರರ್ ಹುಳ ಕೊರೆದ ಸೂಜಿಮೊನೆಯಷ್ಟು ತೂತು ಇರುವುದು ಎಷ್ಟಿದೆ ಎಣಿಸಿ. ಹಲ್ಲಿನಲ್ಲಿ ಕಡಿದಾಗ ಟಕ್ ಎನ್ನಬೇಕು, ಮೆತ್ತಗೆ ಹಲ್ಲು ಊರಿದರೆ ತೇವ ಹೆಚ್ಚಿದೆ ಎಂದರ್ಥ. ತೇವ ಶೇ 12 ದಾಟಿದ ಬೀಜ ಹುರಿಯುವಾಗ ಹೊರಗೆ ಕಂದಿ ಒಳಗೆ ಹಸಿಯಾಗೇ ಉಳಿಯುತ್ತದೆ, ಪುಡಿಯಲ್ಲಿ ಹುಲ್ಲಿನ ವಾಸನೆ ಬರುತ್ತದೆ.

ಗೋಣಿಚೀಲವನ್ನು ನೆಲದ ಮೇಲೆ ಇಡಬಾರದು. ಮರದ ಹಲಗೆ, ಗೋಡೆಯಿಂದ ಅರ್ಧ ಅಡಿ ದೂರ. ಏಲಕ್ಕಿ, ಮೆಣಸು, ಫಿನಾಯಿಲ್, ಸ್ಕೂಟರ್ ಪೆಟ್ರೋಲ್ ಯಾವುದರ ಪಕ್ಕವೂ ಬೇಡ, ಬೀಜ ವಾಸನೆ ಹೀರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಗಾಳಿಯಲ್ಲೇ ನೀರಿರುವುದರಿಂದ ಆ ನಾಲ್ಕು ತಿಂಗಳು ಸ್ಟಾಕನ್ನು ಇನ್ನೂ ಕಡಿಮೆ ಮಾಡಿ, ಒಂದು ಸಲ ಹುರಿಯುವಷ್ಟೇ ತನ್ನಿ.

ಎಷ್ಟು ತರಹದ ಪುಡಿ? ಎರಡು, ಅಷ್ಟೇ. ಒಂದು ಅಪ್ಪಟ ಕಾಫಿ, ಇನ್ನೊಂದು 80ಕ್ಕೆ 20 ಚಿಕೋರಿ (ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿ). ಅಳತೆಯೂ ಎರಡೇ, ಕಾಲು ಕೆಜಿ ಮತ್ತು ಅರ್ಧ ಕೆಜಿ. ಅಲ್ಲಿಗೆ ನಾಲ್ಕು ಬಗೆಯ ಪ್ಯಾಕೆಟ್. ಮೂರು ಮಿಶ್ರಣ, ಮೂರು ಅಳತೆ, ನುಣ್ಣಗೆ ಮತ್ತು ತರಿ ಎಂದು ಹೋದರೆ ಹದಿನೆಂಟು ಬಗೆಯಾಗುತ್ತದೆ, ಭಾನುವಾರ ಪೂರ್ತಿ ಡಬ್ಬಿ ಹುಡುಕುವುದರಲ್ಲೇ ಕಳೆಯುತ್ತದೆ. ‘ನಮಗೆ 70-30 ಬೇಕಿತ್ತು’ ಎನ್ನುವ ಗಿರಾಕಿಯನ್ನು ನಗುತ್ತಾ ಕಳೆದುಕೊಳ್ಳಲು ಕಲಿಯಬೇಕು.

ಬೆಲೆ ಕಟ್ಟುವುದು

ಇಲ್ಲಿ ನಿಧಾನವಾಗಿ ಓದಿ, ಬಹಳಷ್ಟು ಪುಡಿ ವ್ಯಾಪಾರ ನಿಂತುಹೋಗುವುದು ಈ ಲೆಕ್ಕ ಹಾಕದೆ. ಕೆಳಗಿನ ದರಗಳು ಉದಾಹರಣೆಗೆ ಮಾತ್ರ. ಕಾಫಿ ದರ ವಾರಕ್ಕೊಂದು ಥರ ಇರುತ್ತದೆ, ನೀವು ಕೊಳ್ಳುವ ದಿನದ ದರ ಹಾಕಿಕೊಳ್ಳಿ.

20 ಕೆಜಿ 80-20 ಪುಡಿ ಬೇಕು ಎಂದಿಟ್ಟುಕೊಳ್ಳಿ. ಅಂದರೆ 16 ಕೆಜಿ ಕಾಫಿ ಪುಡಿ, 4 ಕೆಜಿ ಚಿಕೋರಿ. ಮಧ್ಯಮ ಹುರಿತಕ್ಕೆ ಬೀಜದ ತೂಕ ಸುಮಾರು ಶೇ 16 ಇಳಿಯುತ್ತದೆ, ಇನ್ನೂ ಕಪ್ಪಗೆ ಹುರಿದರೆ ಶೇ 18ರಿಂದ 20. ಪುಡಿ ಮಾಡುವಾಗ ಮಷೀನಿನಲ್ಲಿ, ಗಾಳಿಯಲ್ಲಿ ಕಾಲು ಕೆಜಿಯಷ್ಟು ಹೋಗುತ್ತದೆ. ಹಾಗಾಗಿ 16 ಕೆಜಿ ಕೈಗೆ ಬರಲು 19.4 ಕೆಜಿ ಹಸಿ ಬೀಜ ಬೇಕು. ‘16 ಕೆಜಿ ಬೀಜ ತಂದೆ, ಪುಡಿ ಎಲ್ಲಿ ಹೋಯ್ತು’ ಎಂದು ಹುರಿಯುವವರ ಜೊತೆ ಜಗಳಕ್ಕಿಳಿಯುವ ಮುಂಚೆ ಈ ಲೆಕ್ಕ ಗೊತ್ತಿರಲಿ.

ಬೀಜ ಕೆಜಿಗೆ 450ರಂತೆ 8,730 ರೂಪಾಯಿ. ಚಿಕೋರಿ 200ರಂತೆ 800. ಹುರಿದು ಪುಡಿ ಮಾಡುವ ಕೂಲಿ ಹಸಿ ಬೀಜದ ಕೆಜಿಗೆ 40ರಂತೆ 776. ಕಾಲು ಕೆಜಿಯ 80 ಪೌಚ್, ಲೇಬಲ್ ಸೇರಿ ತಲಾ 9.50ರಂತೆ 760. ಒಟ್ಟು 11,066. ಪೆಟ್ರೋಲ್, ರುಚಿ ನೋಡಲು ಕೊಟ್ಟದ್ದು, ಸೀಲ್ ಕೆಟ್ಟು ಹಾಳಾದ ಪೌಚ್ ಎಂದು ಶೇ 5 ಸೇರಿಸಿ, 11,620 ಆಯಿತು. ಕಾಲು ಕೆಜಿಗೆ 145 ರೂಪಾಯಿ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ನಿಮ್ಮ ಸಮಯ ಎಲ್ಲಿ? 20 ಕೆಜಿಯ ಒಂದು ಸುತ್ತಿಗೆ ಖರೀದಿ 1 ಗಂಟೆ, ಹುರಿಸುವ ಕಡೆ 4, ಪ್ಯಾಕಿಂಗ್ ಮೂರೂವರೆ, ತಲುಪಿಸುವುದು 3, ಮೆಸೇಜು ಮತ್ತು ಲೆಕ್ಕ ಮೂರೂವರೆ, ಒಟ್ಟು 15 ಗಂಟೆ. ಗಂಟೆಗೆ ಬರೀ 100 ರೂಪಾಯಿ ಹಿಡಿದರೂ 1,500. ಈಗ ಕಾಲು ಕೆಜಿಯ ನಿಜವಾದ ಖರ್ಚು 164 ರೂಪಾಯಿ.

200 ರೂಪಾಯಿಗೆ ನೇರವಾಗಿ ಮಾರಿದರೆ 36 ಉಳಿಯಿತು. ಅದನ್ನೇ ಐಜಿ ರೋಡಿನ ಯಾವುದೋ ಅಂಗಡಿಗೆ ಶೇ 15 ಬಿಟ್ಟು ಕೊಟ್ಟರೆ ನಿಮ್ಮ ಕೈಗೆ 170, ಉಳಿದದ್ದು 6 ರೂಪಾಯಿ. ಅಂಗಡಿಯವರು ಉದ್ರಿ ಬೇರೆ ಕೇಳುತ್ತಾರೆ. ಆದ್ದರಿಂದ ಸಣ್ಣ ಪ್ರಮಾಣದಲ್ಲಿ ಅಂಗಡಿಗೆ ಹಾಕುವುದು ನಮ್ಮ ಲೆಕ್ಕದಲ್ಲಿ ಬೇಡ. ಇಡೀ 20 ಕೆಜಿ ನೇರ ಮಾರಿದರೆ ಹದಿನೈದು ದಿನಕ್ಕೆ ಕೈಗೆ ಸಿಗುವುದು 4,380 ರೂಪಾಯಿ, ನಿಮ್ಮ ಕೂಲಿಯೂ ಅದರೊಳಗೇ. ತಿಂಗಳಿಗೆ ಎಂಟೂವರೆ ಸಾವಿರದ ಆಸುಪಾಸು. ಇದಕ್ಕಿಂತ ದೊಡ್ಡ ಆಸೆ ತೋರಿಸುವ ವಿಡಿಯೋಗಳು ಸಮಯಕ್ಕೆ ಬೆಲೆ ಕಟ್ಟಿರುವುದಿಲ್ಲ.

ಕೈಯಲ್ಲಿರಬೇಕಾದ ಹಣ: ಒಂದು ಸುತ್ತಿನ ಖರ್ಚು ಮಾರುಕಟ್ಟೆಯಲ್ಲಿ, ಇನ್ನೊಂದು ಸುತ್ತಿನದು ಬೀಜದಲ್ಲಿ, ಅಂದರೆ 23,000. ತಕ್ಕಡಿ, ಸೀಲಿಂಗ್ ಮಷೀನು, ಮುಚ್ಚಳದ ಫುಡ್‌ಗ್ರೇಡ್ ಡ್ರಮ್ಮು, ಪೌಚಿನ ಮೊದಲ ಲಾಟು ಸೇರಿ ಇನ್ನೊಂದು ಏಳೆಂಟು ಸಾವಿರ. ಇದಕ್ಕೆ ಸಾಲ ಬೇಡ. ಮೂರು ಸಂಬಳದಲ್ಲಿ ಉಳಿಸಿ ಹಾಕಬಹುದಾದ ಮೊತ್ತ.

ಹದಿನೈದು ದಿನದ ಚಕ್ರ

ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ಕಚೇರಿಗೂ ಬ್ಯಾಂಕಿಗೂ ರಜೆ. ಆ ಎರಡು ಶನಿವಾರವನ್ನೇ ಗೂಟವಾಗಿ ನೆಟ್ಟು ಉಳಿದದ್ದನ್ನು ಅದಕ್ಕೆ ಕಟ್ಟಿ. ಐದು ಶನಿವಾರ ಇರುವ ತಿಂಗಳಲ್ಲಿ ನಾಲ್ಕನೆಯದರಿಂದ ಮುಂದಿನ ಎರಡನೆಯದಕ್ಕೆ 21 ದಿನದ ಅಂತರ ಬೀಳುತ್ತದೆ. ವರ್ಷಕ್ಕೆ ನಾಲ್ಕೈದು ಸಲ ಹೀಗಾಗುತ್ತದೆ. ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ, ಆ ಸುತ್ತಿಗೆ 20ರ ಬದಲು 30 ಕೆಜಿ ಮಾಡಿ. ಮರೆತರೆ ಮೂರನೇ ವಾರ ಖಾಯಂ ಗಿರಾಕಿ ಬೇರೆ ಪುಡಿ ರುಚಿ ನೋಡಿರುತ್ತಾನೆ.

ಬುಧವಾರ ರಾತ್ರಿ 9ಕ್ಕೆ ಆರ್ಡರ್ ಬಂದ್. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ತಾನಾಗೇ ಹೋಗುವ ಉತ್ತರ ಇಟ್ಟುಬಿಡಿ: ‘ಸಂಜೆ 7ರಿಂದ 9ರೊಳಗೆ ಉತ್ತರಿಸುತ್ತೇವೆ. ಈ ಸುತ್ತಿನ ಆರ್ಡರ್ ಬುಧವಾರ ರಾತ್ರಿವರೆಗೆ, ಪುಡಿ ಸೋಮವಾರದಿಂದ.’ ಆಫೀಸ್ ಹೊತ್ತಿನಲ್ಲಿ ಆ ನಂಬರ್ ಸೈಲೆಂಟ್. ಇದನ್ನು ಮೊದಲ ತಿಂಗಳು ಪಾಲಿಸದಿದ್ದರೆ ಆಮೇಲೆ ಆಗುವುದಿಲ್ಲ, ಯಾಕೆಂದರೆ ಮಧ್ಯಾಹ್ನ ಮೂರಕ್ಕೆ ಒಮ್ಮೆ ಉತ್ತರ ಕೊಟ್ಟರೆ ಗಿರಾಕಿಗೆ ಅದೇ ರೂಢಿಯಾಗುತ್ತದೆ. ಗುರುವಾರ ಸಂಜೆ ಬೀಜದ ತೂಕ ಮಾಡಿ ಚೀಲ ಕಟ್ಟಿಡಿ. ಶುಕ್ರವಾರ ಹುರಿಯುವವರಿಗೆ ಫೋನ್ ಮಾಡಿ ಸರದಿ ಖಚಿತ ಮಾಡಿಕೊಳ್ಳಿ, ಕರೆಂಟ್ ತೆಗೆಯುವ ಬಗ್ಗೆ ಮೆಸ್ಕಾಂ ಪ್ರಕಟಣೆ ಇದೆಯೇ ಎಂದೂ ನೋಡಿ.

ಶನಿವಾರದ ಕೆಲಸ ಹೀಗೆ ಸಾಗಲಿ:

1. ಬೆಳಿಗ್ಗೆ ಮೊದಲ ಸರದಿ ಹಿಡಿಯಿರಿ. ಡ್ರಮ್ಮು ತಣ್ಣಗಿರುವಾಗ ಹುರಿದ ಮೊದಲ ಘಾಣ ಸಮವಾಗಿ ಬರುವುದಿಲ್ಲ. ಚೆನ್ನಾಗಿ ಕಾಯಿಸಿದ ಮೇಲೇ ಬೀಜ ಹಾಕಿಸಿ.

2. ಅರೇಬಿಕಾ ಬೇರೆ, ರೋಬಸ್ಟಾ ಬೇರೆ ಹುರಿಸಿ. ಗಾತ್ರ, ಗಟ್ಟಿತನ ಬೇರೆಬೇರೆ ಇರುವುದರಿಂದ ಕೂಡಿಸಿ ಹುರಿದರೆ ಒಂದು ಸೀದಿರುತ್ತದೆ, ಒಂದು ಬೆಂದಿರುವುದಿಲ್ಲ. ಡ್ರಮ್ಮಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಿಸಬೇಡಿ.

3. ಸುಮಾರು 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಬೀಜ ಚಟಪಟ ಎನ್ನುತ್ತದೆ. ಆ ಸದ್ದು ಮುಗಿದು ಒಂದೆರಡು ನಿಮಿಷಕ್ಕೆ, ಮೇಲೆ ಎಣ್ಣೆ ಜಿನುಗುವ ಮೊದಲು ಇಳಿಸಿದರೆ ಫಿಲ್ಟರಿಗೆ ಹೊಂದುವ ಮಧ್ಯಮ ಹುರಿತ. ಎಷ್ಟು ನಿಮಿಷವಾಯಿತು, ಬೀಜ ಎಷ್ಟು ಬಂತು ಎಂದು ಪ್ರತಿ ಘಾಣಕ್ಕೂ ಬರೆದುಕೊಳ್ಳಿ. ಹೋದ ಸಲದ ರುಚಿ ಈ ಸಲವೂ ಬರಬೇಕೆಂದರೆ ಈ ಪುಸ್ತಕವೇ ಗತಿ.

4. ಕೈಯಲ್ಲಿ ಹಿಡಿದರೆ ಬಿಸಿ ತಾಗದಷ್ಟು ಆರಿದ ಮೇಲೆ ಪುಡಿ. ಬಿಸಿ ಬೀಜ ಮಷೀನಿಗೆ ಹಾಕಿದರೆ ಸುವಾಸನೆಯೆಲ್ಲ ಅಂಗಡಿಯಲ್ಲೇ ಹೋಗುತ್ತದೆ.

5. ನಿಮಗಿಂತ ಮುಂಚೆ ಆ ಮಷೀನಿನಲ್ಲಿ ಏನು ಪುಡಿ ಮಾಡಿದ್ದರು ಕೇಳಿ. ನಿಮ್ಮದೇ 200–300 ಗ್ರಾಂ ಬೀಜ ಓಡಿಸಿ, ಆ ಪುಡಿಯನ್ನು ಬೇರೆ ತೆಗೆದು ಮನೆಗೆ ಬಳಸಿ. ‘ಅಪ್ಪಟ’ ಎಂದು ಲೇಬಲ್ ಹಚ್ಚಿದ ಪ್ಯಾಕೆಟ್‌ನಲ್ಲಿ ಹಿಂದಿನವರ ಚಿಕೋರಿ ಸಿಕ್ಕರೆ ಹೊಣೆ ನಿಮ್ಮದು. ಇದೇ ಕಾರಣಕ್ಕೆ ಪ್ಯಾಕ್ ಮಾಡುವಾಗಲೂ ಅಪ್ಪಟ ಕಾಫಿ ಮೊದಲು, ಮಿಶ್ರಣದ್ದು ಆಮೇಲೆ.

6. ಪುಡಿಯನ್ನು ಡ್ರಮ್ಮಿಗೆ ಹಾಕಿ ಮುಚ್ಚಳ ಸಡಿಲವಾಗಿಟ್ಟು ಒಂದು ರಾತ್ರಿ ಬಿಡಿ. ಹುರಿದ ಕಾಫಿ ಇಂಗಾಲದ ಡೈಆಕ್ಸೈಡ್ ಬಿಡುತ್ತಿರುತ್ತದೆ. ಅವಸರದಲ್ಲಿ ಸೀಲ್ ಮಾಡಿದ ಪೌಚ್ ಮಂಗಳವಾರದ ಹೊತ್ತಿಗೆ ಬಲೂನಿನಂತೆ ಉಬ್ಬಿ ಹೊಲಿಗೆ ಬಿಡುತ್ತದೆ. ಮಳೆಗಾಲದಲ್ಲಿ ರಾತ್ರಿ ಬಿಟ್ಟರೆ ತೇವ ಎಳೆಯುತ್ತದೆ, ಆಗ ಗಾಳಿ ಹೊರಬಿಡುವ ವಾಲ್ವ್ ಇರುವ ಪೌಚ್ ತಂದು ಸಂಜೆಯೇ ಪ್ಯಾಕ್ ಮಾಡಿ. ನಾಲ್ಕೈದು ರೂಪಾಯಿ ಹೆಚ್ಚು ಬೀಳಬಹುದು, ಬೀಳಲಿ.

ಭಾನುವಾರ ಬೆಳಿಗ್ಗೆ ಪ್ಯಾಕಿಂಗ್. ಚಿಕೋರಿಯನ್ನು ಆಗಲೇ ಬೆರೆಸಿ, ಹಿಂದಿನ ದಿನ ಬೇಡ, ಅದು ತೇವ ಹೀರಿ ಉಂಡೆ ಕಟ್ಟುತ್ತದೆ. ಪೌಚನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ ಆಮೇಲೆ ತುಂಬಿ, ಒಳಗಿನ ಪುಡಿಯೇ 250 ಗ್ರಾಂ ಇರಬೇಕು. ಸೀಲ್ ಬೀಳುವ ಅಂಚಿಗೆ ಪುಡಿ ತಾಗದಂತೆ ಕಾಗದದ ಲಾಳಿಕೆ ಬಳಸಿ, ಒಣ ಬಟ್ಟೆಯಲ್ಲಿ ಅಂಚು ಒರೆಸಿ. ಸೀಲ್ ಬಿಡುವುದಕ್ಕೆ ನೂರಕ್ಕೆ ತೊಂಬತ್ತು ಸಲ ಕಾರಣ ಮಷೀನಲ್ಲ, ಅಂಚಿನಲ್ಲಿ ಕೂತ ಆ ಚಿಟಿಕೆ ಪುಡಿ. ಹತ್ತಕ್ಕೊಂದು ಪೌಚನ್ನು ನೀರಿನ ಬಕೆಟ್ಟಿನಲ್ಲಿ ಅದುಮಿ ನೋಡಿ, ಗುಳ್ಳೆ ಬಂದರೆ ಆ ಹತ್ತನ್ನೂ ಮತ್ತೆ ಸೀಲ್ ಮಾಡಿ.

ಸೋಮವಾರದಿಂದ ಹಂಚಿಕೆ. ಅಂಚೆ ಕಚೇರಿಯ ಕೌಂಟರ್ ತೆರೆಯುವ ಹೊತ್ತಿಗೆ ನೀವು ಆಫೀಸಿನಲ್ಲಿರುತ್ತೀರಿ, ಇದು ಎಲ್ಲರೂ ಮರೆಯುವ ವಿಷಯ. ಮನೆಯಲ್ಲಿರುವವರು ಸ್ಪೀಡ್ ಪೋಸ್ಟ್‌ಗೆ ಹಾಕಬಹುದೇ, ಊಟದ ಬಿಡುವಿನಲ್ಲಿ ನಿಮಗೇ ಆಗುತ್ತದೆಯೇ, ಮನೆಗೆ ಬಂದು ಒಯ್ಯುವ ಕೊರಿಯರ್ ಇದೆಯೇ ಎಂದು ಮೊದಲೇ ತೀರ್ಮಾನಿಸಿ. ಬೆಂಗಳೂರಿನ ದೊಡ್ಡ ಆರ್ಡರಿಗೆ ಬಸ್‌ ಪಾರ್ಸೆಲ್ ಅನುಕೂಲ, ಆದರೆ ಆ ಕಡೆ ಬಂದು ತೆಗೆದುಕೊಳ್ಳುವವರು ಇರಬೇಕು. ಊರೊಳಗಿನದ್ದನ್ನು ಬಡಾವಣೆಗೊಂದು ಸಂಜೆ ಎಂದು ಹಂಚಿಕೊಳ್ಳಿ: ಸೋಮವಾರ ವಿಜಯಪುರ, ಬಸವನಹಳ್ಳಿ, ಮಂಗಳವಾರ ಹಿರೇಮಗಳೂರು, ಕೋಟೆ. ‘ಈಗಲೇ ಬೇಕು’ ಎನ್ನುವವರಿಗೆ ಮನೆಗೆ ಬಂದು ಒಯ್ಯಲು ಹೇಳಿ.

ಲೇಬಲ್ ಮೇಲೆ

ಪುಡಿಯ ಹೆಸರು, ಪ್ಯಾಕ್ ಮಾಡಿದವರ ಹೆಸರು ವಿಳಾಸ, ನಿವ್ವಳ ತೂಕ, ತಯಾರಾದ ದಿನಾಂಕ, ಎಷ್ಟರೊಳಗೆ ಬಳಸಬೇಕು, ಬ್ಯಾಚ್ ನಂಬರ್, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಗ್ರಾಮಿಗೆ ಎಷ್ಟು ಬೀಳುತ್ತದೆ ಎಂಬ ದರ (200 ರೂಪಾಯಿಯ ಕಾಲು ಕೆಜಿಗೆ 80 ಪೈಸೆ), ದೂರಿಗೆ ಫೋನ್ ನಂಬರ್, ಸಸ್ಯಾಹಾರದ ಹಸಿರು ಗುರುತು, ಎಫ್‌ಎಸ್‌ಎಸ್‌ಎಐ ನಂಬರ್. ಚಿಕೋರಿ ಇದ್ದರೆ ಕಾಫಿ ಶೇಕಡಾ ಎಷ್ಟು, ಚಿಕೋರಿ ಎಷ್ಟು ಎಂದು ಕಡ್ಡಾಯವಾಗಿ ಬರೆಯಬೇಕು. ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ.

ಸಾವಿರ ಲೇಬಲ್ ಮಾಡಿಸುವಾಗ ಎಂಆರ್‌ಪಿ, ದಿನಾಂಕ, ಬ್ಯಾಚ್ ಜಾಗ ಖಾಲಿ ಬಿಡಿಸಿ, ರಬ್ಬರ್ ಸ್ಟ್ಯಾಂಪ್ ಹಾಕಿಕೊಳ್ಳಿ. ಬೆಲೆ ಮುದ್ರಿಸಿಬಿಟ್ಟು, ಬೀಜದ ದರ ಏರಿದ ಮೇಲೆ ಅದರ ಮೇಲೆ ಹೆಚ್ಚಿನ ಬೆಲೆಯ ಚೀಟಿ ಅಂಟಿಸುವಂತಿಲ್ಲ. ಉಳಿದ ಲೇಬಲ್ಲೆಲ್ಲ ಒಲೆಗೆ.

ಇನ್ನೊಂದು ಎಡವಟ್ಟು ಹೆಸರಿನದ್ದು. ‘ಚಿಕ್ಕಮಗಳೂರು ಅರೇಬಿಕಾ’, ‘ಬಾಬಾಬುಡನ್‌ಗಿರಿ ಅರೇಬಿಕಾ’ ಎರಡಕ್ಕೂ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಳ್ಳದೆ ಆ ಹೆಸರನ್ನು ಪ್ಯಾಕೆಟ್ ಮೇಲೆ ಬ್ರ್ಯಾಂಡಿನಂತೆ ಹಾಕಿಕೊಳ್ಳಬೇಡಿ. ನಿಮ್ಮ ವಿಳಾಸದಲ್ಲಿ ಚಿಕ್ಕಮಗಳೂರು ಎಂದು ಹೇಗೂ ಇರುತ್ತದೆ.

ಯಾರಿಗೆ ಮಾರುವುದು, ಉದ್ರಿ ಯಾರಿಗೆ

ಹೋಂಸ್ಟೇಗಳು ಕಣ್ಣಿಗೆ ಕಾಣುವ ಗಿರಾಕಿ. ಮುಳ್ಳಯ್ಯನಗಿರಿ ಕಡೆ ಹೋಗುವ ವಾರಾಂತ್ಯದ ಕಾರುಗಳ ಸಾಲು ನೋಡಿದರೆ ವ್ಯಾಪಾರವೆಲ್ಲ ಅಲ್ಲೇ ಇದೆ ಅನ್ನಿಸುತ್ತದೆ. ಎರಡು ವಿಷಯ ಗಮನಿಸಿ. ಅವರಿಗೆ ಪುಡಿ ಬೇಕಾಗುವುದು ಶುಕ್ರವಾರ, ಶನಿವಾರ, ಅಂದರೆ ನೀವು ಹುರಿಸುವ ಕಡೆ ನಿಂತಿರುವಾಗ. ಮತ್ತೆ, ಜೋರು ಮಳೆಯ ವಾರಗಳಲ್ಲಿ ರೂಮು ಖಾಲಿ, ಪುಡಿಯೂ ಬೇಡ. ಆದ್ದರಿಂದ ಅರ್ಧಕ್ಕಿಂತ ಹೆಚ್ಚು ಸರಕು ಮನೆಗಳಿಗೇ ಹೋಗುವಂತಿರಲಿ. ಕಾಲು ಕೆಜಿಯಂತೆ ಹದಿನೈದು ದಿನಕ್ಕೊಮ್ಮೆ ಕೊಳ್ಳುವ 50 ಮನೆ ಸಿಕ್ಕರೆ ಹನ್ನೆರಡೂವರೆ ಕೆಜಿ ಆಯಿತು. ಉಳಿದದ್ದಕ್ಕೆ ಎರಡು ಮೂರು ಹೋಂಸ್ಟೇ, ಅವರಿಗೆ ಹುರಿಸಿದ ಮುಂದಿನ ಗುರುವಾರ ತಲುಪಿಸಿ.

ಹೊಸ ಗಿರಾಕಿಗೆ 50 ಗ್ರಾಂ ಕೊಡಿ, ಜೊತೆಗೆ ಅಳತೆ ಹೇಳಿ: 20 ಗ್ರಾಂ ಪುಡಿಗೆ, ಅಂದರೆ ತುಂಬಿದ ಮೂರು ದೊಡ್ಡ ಚಮಚಕ್ಕೆ, 120 ಮಿಲಿ ಕುದಿ ನೀರು. ಡಿಕಾಕ್ಷನ್ ಇಳಿಯಲು ಹತ್ತು ಹದಿನೈದು ನಿಮಿಷ. ‘ನಿಮ್ಮ ಪುಡಿ ಸಪ್ಪೆ’ ಎನ್ನುವ ದೂರಿನಲ್ಲಿ ಅರ್ಧದಷ್ಟು ಅಳತೆಯದ್ದು. ಫಿಲ್ಟರ್ ಇಳಿಯುತ್ತಲೇ ಇಲ್ಲ ಎಂದರೆ ಪುಡಿ ಅತಿ ನುಣ್ಣಗಾಗಿದೆ, ಅದು ನಿಮ್ಮ ತಪ್ಪು, ಮುಂದಿನ ಸಲ ಒಂದು ಗೆರೆ ತರಿಗೆ ತಿರುಗಿಸಿ.

ಉದ್ರಿಗೆ ಒಂದೇ ನಿಯಮ: ಹಳೆಯ ಬಿಲ್ಲು ತೀರಿದ ಮೇಲೆ ಹೊಸ ಪುಡಿ. ನೆಂಟರಿಗೂ ಅದೇ. ಅವರಿಗೆ ಹೇಳಲು ಬಾಯಿ ಬರದಿದ್ದರೆ ಕಾಲು ಕೆಜಿ ಉಡುಗೊರೆ ಎಂದು ಬರೆದು ಮರೆತುಬಿಡಿ, ಬಾಕಿ ಪುಸ್ತಕದಲ್ಲಿ ಇಡಬೇಡಿ.

ತೆರಿಗೆ

ಸಂಬಳದ ಟಿಡಿಎಸ್ ಕಟ್ಟಾಗಿದೆ ಎಂದು ಸುಮ್ಮನಿರುವಂತಿಲ್ಲ, ಪುಡಿಯ ಲಾಭ ಅದರ ಮೇಲೆ ಸೇರುತ್ತದೆ. ಸಣ್ಣ ವ್ಯಾಪಾರಕ್ಕೆ ಅಂದಾಜು ಆದಾಯದ ಪದ್ಧತಿ ಇದೆ: ನಗದಿನ ವಹಿವಾಟಿಗೆ ಶೇ 8, ಯುಪಿಐ ಮತ್ತು ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇ 6 ಲಾಭ ಎಂದು ತೋರಿಸಬಹುದು, ನಿಜವಾದ ಲಾಭ ಹೆಚ್ಚಿದ್ದರೆ ಅದನ್ನೇ. ಆಗ ರಿಟರ್ನ್ ಸಾಮಾನ್ಯವಾಗಿ ಐಟಿಆರ್ 4, ಸಂಬಳದವರ ಐಟಿಆರ್ 1 ಅಲ್ಲ. ಟಿಡಿಎಸ್ ಕಳೆದ ಮೇಲೂ ಕಟ್ಟಬೇಕಾದ ತೆರಿಗೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾರ್ಚ್ 15ರೊಳಗೆ ಮುಂಗಡ ಕಟ್ಟಿ, ಇಲ್ಲದಿದ್ದರೆ ಬಡ್ಡಿ. ಹಳೆ ತೆರಿಗೆ ಪದ್ಧತಿ, ಹೊಸ ಪದ್ಧತಿ ಎಂದು ವರ್ಷ ವರ್ಷ ಅದಲುಬದಲು ಮಾಡುವ ಸ್ವಾತಂತ್ರ್ಯ ಬರೀ ಸಂಬಳದವರಿಗೆ. ವ್ಯಾಪಾರದ ಆದಾಯ ತೋರಿಸಿದ ಮೇಲೆ ಹಳೆಯದಕ್ಕೆ ಹೋದವರು ಹೊಸದಕ್ಕೆ ಒಮ್ಮೆ ಮಾತ್ರ ಮರಳಬಹುದು. ಮನೆ ಸಾಲ ಇರುವವರು ಮೊದಲ ರಿಟರ್ನ್ ಹಾಕುವ ಮುಂಚೆ ಲೆಕ್ಕ ಪರಿಶೋಧಕರ ಹತ್ತಿರ ಒಂದು ಗಂಟೆ ಕೂರುವುದು ಲಾಭ.

40 ಕೆಜಿ ಕೇಳಿಬಂದಾಗ

ಮೊದಲು ಬಿಟ್ಟುಕೊಡಬೇಕಾದ ಕೆಲಸ ಪ್ಯಾಕಿಂಗ್. ಪೌಚಿಗೆ 3 ರೂಪಾಯಿಯಂತೆ ಕೊಟ್ಟರೆ 80 ಪೌಚಿಗೆ 240, ನಿಮಗೆ ಮೂರೂವರೆ ಗಂಟೆ ಉಳಿಯಿತು. ಹುರಿತ ಮತ್ತು ಗಿರಾಕಿಯ ಮಾತು ಕೈಬಿಡಬೇಡಿ, ಪುಡಿಯ ರುಚಿ ಕೆಡುವುದು ಮೊದಲನೆಯದರಲ್ಲಿ, ದುಡ್ಡು ಸೋರುವುದು ಎರಡನೆಯದರಲ್ಲಿ. ಸ್ವಂತ ಮಷೀನು ತರುವ ಆಸೆ ಈ ಹಂತದಲ್ಲೇ ಬರುತ್ತದೆ. ಮನೆಯ ಮೀಟರಿನಲ್ಲಿ ಮಷೀನು ಓಡಿಸುವಂತಿಲ್ಲ, ಬೇರೆ ಸಂಪರ್ಕ, ಹೊಗೆ ಕೊಳವೆ, ಅಕ್ಕಪಕ್ಕದವರ ತಕರಾರು ಎಲ್ಲ ಜೊತೆಗೇ ಬರುತ್ತದೆ. ತಿಂಗಳಿಗೆ 100 ಕೆಜಿ ಒಂದು ವರ್ಷ ಸತತವಾಗಿ ಹೋಗುವವರೆಗೆ ಆ ಮಾತು ಬೇಡ.

ಕೆಲಸವನ್ನೇ ಬಿಡುವ ಯೋಚನೆ ಇದ್ದರೆ ಸಂಬಳದ ಜೊತೆ ಕಾಣದೆ ಬರುವುದನ್ನೂ ಎಣಿಸಿ: ಕಂಪನಿ ಹಾಕುವ ಪಿಎಫ್ ಪಾಲು, ಇಎಸ್‌ಐ ಅಥವಾ ಆರೋಗ್ಯ ವಿಮೆ, ಸಂಬಳದ ಚೀಟಿ ತೋರಿಸಿ ಸಿಗುವ ಮನೆ ಸಾಲ. ಖಾಯಂ ಕೆಲಸದಲ್ಲಿ ಐದು ವರ್ಷ ತುಂಬಿದರೆ ಗ್ರಾಚ್ಯುಟಿ ಬರುತ್ತದೆ. ನಾಲ್ಕೂವರೆ ವರ್ಷಕ್ಕೆ ರಾಜೀನಾಮೆ ಬರೆಯುವವರು ಇನ್ನಾರು ತಿಂಗಳು ಪ್ಯಾಕಿಂಗ್ ಕೂಲಿ ಕೊಟ್ಟು ತಡೆದುಕೊಳ್ಳಲಿ.

ವರ್ಗಾವಣೆ ಬಂದರೆ? ಬ್ಯಾಂಕು, ಸರ್ಕಾರಿ ನೌಕರರಿಗೆ ಇದು ಇದ್ದದ್ದೇ. ಆದೇಶ ಕೈಗೆ ಸಿಕ್ಕ ದಿನವೇ ಹೊಸ ಬೀಜದ ಖರೀದಿ ನಿಲ್ಲಿಸಿ, ಇರುವುದನ್ನು ಹುರಿಸಿ ಮುಗಿಸಿ, ಬಾಕಿ ವಸೂಲಿ ಮಾಡಿ. ಹಾಸನಕ್ಕೆ ಹೋದರೆ 60 ಕಿಲೋಮೀಟರ್, ಶನಿವಾರ ಬಂದು ಹುರಿಸಿಕೊಂಡು ಹೋಗಬಹುದು, ಪ್ಯಾಕಿಂಗ್ ಅಲ್ಲಿ ಮಾಡುವುದಾದರೆ ಆ ಮನೆಯ ವಿಳಾಸಕ್ಕೆ ಹೊಸ ಎಫ್‌ಎಸ್‌ಎಸ್‌ಎಐ ನೋಂದಣಿ, ಹೊಸ ಲೇಬಲ್. ಬೀದರಿಗೋ ರಾಯಚೂರಿಗೋ ಆದರೆ ಇಲ್ಲಿ ಉಳಿಯುವ ಮನೆಯವರೊಬ್ಬರ ಹೆಸರಿಗೆ ಹೊಸದಾಗಿ ನೋಂದಣಿ ಮಾಡಿಸಿ, ಹುರಿತದ ಪುಸ್ತಕವನ್ನೂ 50 ಮನೆಗಳ ಫೋನ್ ನಂಬರನ್ನೂ ಅವರ ಕೈಗೆ ಕೊಡಿ.